ಮಂತ್ರವಿಲ್ಲದ ಮದುವೆಗೆ ಸಾಕ್ಷಿ ಯಾರು?

ಸಾತನೂರಿನಲ್ಲಿ ವಿದ್ಯಾರ್ಥಿಗಳೊಡನೆ ಒಂದು ಸಂವಾದ ಕಾರ್ಯಕ್ರಮ ಚಿತ್ರೀಕರಿಸಿ, ದೀಪಗಳನ್ನು ಆರಿಸಿ, ಕೇಬಲ್ ಸುತ್ತುತ್ತಿದ್ದೆವು. ಅಂದಿನ ವಿಷಯ ವೈಜ್ಞಾನಿಕ ಮನೋಭಾವ. ಪದವಿ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದು ಕೇಳಿದಳು: "ಸಾರ್, ಐನೋರಿಲ್ಲದೆ, ಮುಹೂರ್ತ ನೋಡದೆ, ನಾಕು ಜನರ ಮುಂದೆ ಮಾತು ಕೊಟ್ಟು ಮದುವೆಯಾದರೆ ಕಾನೂನು ಅದನ್ನ ಮದುವೆ ಅಂತ ಒಪ್ಪುತ್ತಾ?" ಪಕ್ಕದಲ್ಲಿದ್ದ ಗೆಳತಿ, "ಮೆಲ್ಲಗೆ ಮಾತಾಡೇ, ನಿಮ್ಮಪ್ಪ ಇಲ್ಲೇ ಇದಾರೆ" ಎಂದು ನಕ್ಕಳು.

ನಾನು ಓದಿದ್ದು ವಿಜ್ಞಾನ, ಕಾನೂನಲ್ಲ. "ಒಪ್ಪುತ್ತದಮ್ಮ, ಯಾಕೆ ಒಪ್ಪುವುದಿಲ್ಲ?" ಎಂದು ಥಟ್ಟನೆ ಹೇಳಿಬಿಟ್ಟೆ. ಬೆಂಗಳೂರಿಗೆ ಹಿಂದಿರುಗಿ ಕಾಯಿದೆಯ ಪುಸ್ತಕಗಳನ್ನು ತೆರೆದಾಗ ನನ್ನ ಉತ್ತರ ಅರ್ಧ ಮಾತ್ರ ಸರಿ ಎಂದು ತಿಳಿಯಿತು. ಉಳಿದ ಅರ್ಧವನ್ನು ಆ ವಿದ್ಯಾರ್ಥಿನಿಗೂ, ಅವಳಂತೆ ಯೋಚಿಸುವ ನಿಮಗೂ ಈ ಪುಟಗಳಲ್ಲಿ ಹೇಳಬೇಕಾಗಿದೆ.

ಊರೇ ಸಾಕ್ಷಿಯಾಗಿದ್ದ ಕಾಲ

ಸಾತನೂರು ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರ. 2007ರಿಂದ ರಾಮನಗರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು, 2025ರಲ್ಲಿ ಆ ಜಿಲ್ಲೆಯ ಹೆಸರು ಬದಲಾದ ಮೇಲೆ ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿದೆ. ಕನಕಪುರವನ್ನು ಕಾನಕಾನಹಳ್ಳಿ ಎಂದು ಕರೆಯುತ್ತಿದ್ದ ದಿನಗಳಲ್ಲಿ ಇದೆಲ್ಲ ಮೈಸೂರು ಸಂಸ್ಥಾನದ ಭಾಗ. ಆಗಿನ ಹಳ್ಳಿಯ ಮದುವೆಗೆ ಕಾಗದಪತ್ರ ಬೇಕಿರಲಿಲ್ಲ. ಮನೆಯ ಮುಂದೆ ಹಸಿರು ಚಪ್ಪರ ಹಾಕಿ, ವೀಳ್ಯ ಬದಲಾಯಿಸಿ, ಧಾರೆ ಎರೆದು, ಬೀಗರಿಗೆ ಊಟ ಹಾಕಿದರೆ ಮುಗಿಯಿತು. ಇಂಥವರ ಮಗಳು ಇಂಥವರ ಮನೆಗೆ ಬಂದಳು ಎಂಬುದಕ್ಕೆ ಊರಿಗೆ ಊರೇ ಸಾಕ್ಷಿ.

ಆದರೆ ಊರು ಸಾಕ್ಷಿಯಾಗುವುದು ಊರು ಒಪ್ಪಿದ ಮದುವೆಗೆ ಮಾತ್ರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯ ಕಥೆ ನಿಮಗೆ ಗೊತ್ತು. ಜಾತಿಯನ್ನು ಮೀರಿದ ಆ ಸಂಬಂಧಕ್ಕಾಗಿ ಎರಡೂ ಕಡೆಯ ತಂದೆಯರು ಪ್ರಾಣ ತೆರಬೇಕಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಸಮಾಜ ಒಪ್ಪದ ಮದುವೆಗೆ ರಕ್ಷಣೆ ಕೊಡುವವರು ಯಾರು ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಅಷ್ಟು ಹಳೆಯದು.

ಮದುವೆಯ ವಿಷಯದಲ್ಲಿ ರಾಜ್ಯ ಕೈಹಾಕುವುದೂ ಇಲ್ಲಿ ಹೊಸದೇನಲ್ಲ. ಮೈಸೂರು ಸರ್ಕಾರ 1894ರಲ್ಲೇ ಶಿಶುವಿವಾಹ ತಡೆಗೆ ಒಂದು ಕಾನೂನು ಮಾಡಿತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ಅದು ನಿಷೇಧಿಸಿತು. ಇಂದು ಓದಿದರೆ ಎಂಟು ವರ್ಷವೇ ಎಂದು ಆಶ್ಚರ್ಯವಾಗುತ್ತದೆ. ಆ ಕಾಲಕ್ಕೆ ಅದೇ ದಿಟ್ಟ ಹೆಜ್ಜೆ.

ಧರ್ಮ ಬಿಟ್ಟರೆ ಮದುವೆ

ಪುರೋಹಿತರಿಲ್ಲದ ಮದುವೆಗೆ ಕಾನೂನಿನ ಬಾಗಿಲು ಮೊದಲು ತೆರೆದದ್ದು ಬಂಗಾಳದ ಬ್ರಹ್ಮಸಮಾಜದವರ ಒತ್ತಾಯದಿಂದ. ಕೇಶವಚಂದ್ರ ಸೇನರ ಅನುಯಾಯಿಗಳು ವಿಗ್ರಹಪೂಜೆ, ಹೋಮ ಯಾವುದೂ ಇಲ್ಲದೆ, ಜಾತಿ ನೋಡದೆ ಮದುವೆ ಮಾಡತೊಡಗಿದ್ದರು. ಆ ಮದುವೆಗಳು ನ್ಯಾಯಾಲಯದಲ್ಲಿ ನಿಲ್ಲುತ್ತವೆಯೇ ಎಂಬ ಸಂಶಯ ಅವರನ್ನು ಕಾಡಿತು. 1868ರಲ್ಲಿ ಸರ್ಕಾರದ ಕಾನೂನು ಸದಸ್ಯ ಹೆನ್ರಿ ಮೇನ್ ಒಂದು ಮಸೂದೆ ತಂದರು. ಸಂಪ್ರದಾಯಸ್ಥರು ವಿರೋಧಿಸಿದರು. ಬ್ರಹ್ಮಸಮಾಜದವರಿಗೆ ಮಾತ್ರ ಅನ್ವಯಿಸುವಂತೆ ಮಾಡೋಣವೆಂದರೆ, "ನಾವೂ ಹಿಂದೂಗಳೇ, ನಮಗೆ ಬೇರೆ ಕಾಯಿದೆ ಬೇಡ" ಎಂದು ಅದರ ಹಳೆಯ ಶಾಖೆಯಾದ ಆದಿ ಬ್ರಹ್ಮಸಮಾಜ ತಗಾದೆ ತೆಗೆಯಿತು.

ಕೊನೆಗೆ 1872ರಲ್ಲಿ ಬಂದ ಮೂರನೆಯ ಕಾಯಿದೆ ಒಂದು ವಿಚಿತ್ರ ರಾಜಿ. ನೋಂದಣಿ ಮದುವೆ ಬೇಕೆನ್ನುವ ಗಂಡು ಹೆಣ್ಣು ಇಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಧರ್ಮಗಳಲ್ಲಿ ಯಾವುದನ್ನೂ ಅನುಸರಿಸುವುದಿಲ್ಲವೆಂದು ಘೋಷಿಸಬೇಕಿತ್ತು. ಅಂದರೆ ಇಷ್ಟಪಟ್ಟವರನ್ನು ಮದುವೆಯಾಗಲು ಧರ್ಮವನ್ನೇ ನಿರಾಕರಿಸಬೇಕು. ಗಂಡಿಗೆ 18, ಹೆಣ್ಣಿಗೆ 14 ವರ್ಷ ತುಂಬಿರಬೇಕೆಂದೂ ಅದು ಹೇಳಿತು. ಕಾಯಿದೆಗಾಗಿ ಹೋರಾಡಿದ ಕೇಶವಚಂದ್ರರೇ 1878ರಲ್ಲಿ ಹದಿನಾಲ್ಕು ತುಂಬದ ತಮ್ಮ ಮಗಳನ್ನು ಕೂಚ್‌ಬಿಹಾರದ ಮಹಾರಾಜನಿಗೆ ಕೊಟ್ಟರು. ನೊಂದ ಅನುಯಾಯಿಗಳು ಹೊರನಡೆದು ಸಾಧಾರಣ ಬ್ರಹ್ಮಸಮಾಜ ಕಟ್ಟಿಕೊಂಡರು. ತತ್ತ್ವ ಎಷ್ಟು ದೊಡ್ಡದಿದ್ದರೂ ಸ್ವಂತ ಮಗಳ ಮದುವೆಯಲ್ಲಿ ಅದು ಪರೀಕ್ಷೆಗೆ ಒಳಗಾಗುತ್ತದೆ.

ಬ್ರಹ್ಮಸಮಾಜದ ಗಾಳಿ ನಮ್ಮ ಕರಾವಳಿಗೂ ಬೀಸಿತು. ಮಂಗಳೂರಿನಲ್ಲಿ ದಲಿತರ ಶಿಕ್ಷಣಕ್ಕಾಗಿ ಬಾಳನ್ನೇ ಸವೆಸಿದ ಕುದ್ಮುಲ್ ರಂಗರಾಯರು ಬ್ರಹ್ಮಸಮಾಜಿಗಳು. ಅವರ ಮಗಳು ರಾಧಾಬಾಯಿ 1912ರಲ್ಲಿ, ಮುಂದೆ ಮದ್ರಾಸ್ ಪ್ರಾಂತದ ಪ್ರಧಾನಿಯಾದ ಪಿ. ಸುಬ್ಬರಾಯನ್ ಅವರನ್ನು ವರಿಸಿದರು. ಜಾತಿ, ಭಾಷೆ ಎರಡನ್ನೂ ದಾಟಿದ ಮದುವೆ ಅದು.

1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ಕಾಯಿದೆಗೆ ತಿದ್ದುಪಡಿ ಬಂತು. ಹಿಂದೂ, ಬೌದ್ಧ, ಸಿಖ್, ಜೈನರು ಧರ್ಮ ನಿರಾಕರಿಸದೆಯೇ ತಮ್ಮ ತಮ್ಮೊಳಗೆ ನೋಂದಣಿ ಮದುವೆಯಾಗಬಹುದಾಯಿತು. ಆದರೆ ಹಾಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಹೊರಗಾದಂತೆ ಎಣಿಸಲಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಏಪ್ರಿಲ್ 15ರಂದು, ಆಗ ಕೇಂದ್ರದ ಕಾನೂನು ಮಂತ್ರಿಯಾಗಿದ್ದ ಡಾ. ಅಂಬೇಡ್ಕರ್ ದೆಹಲಿಯಲ್ಲಿ ನೋಂದಣಿ ಮದುವೆಯಾದರು.

ಇಂದು ಜಾರಿಯಲ್ಲಿರುವ ವಿಶೇಷ ವಿವಾಹ ಕಾಯಿದೆ 1954ರದು. ಜಾರಿಗೆ ಬಂದದ್ದು 1955ರ ಜನವರಿ 1ರಿಂದ. ನಿಮ್ಮ ಧರ್ಮ ಯಾವುದು, ದೇವರನ್ನು ನಂಬುತ್ತೀರಾ ಎಂಬ ಪ್ರಶ್ನೆಯನ್ನು ಅದು ಮದುವೆಗೆ ಷರತ್ತಾಗಿ ಇಡುವುದಿಲ್ಲ. ಎಂಬತ್ತೆರಡು ವರ್ಷಗಳಲ್ಲಿ ಕಾನೂನು ಅಷ್ಟು ದೂರ ನಡೆದು ಬಂದಿತ್ತು.

ಕುವೆಂಪು ತೋರಿದ ದಾರಿ

ಕಾನೂನು ಬಾಗಿಲು ತೆರೆಯಿತು. ಆದರೆ ಕಚೇರಿಯಲ್ಲಿ ಸಹಿ ಹಾಕಿ ಬರುವುದರಲ್ಲಿ ಮನಸ್ಸಿಗೆ ಏನು ಸಿಕ್ಕೀತು? ಬಾಳಿನ ದೊಡ್ಡ ದಿನಕ್ಕೆ ಒಂದು ಅರ್ಥ ಬೇಕು, ನಾಲ್ಕು ಒಳ್ಳೆಯ ಮಾತು ಬೇಕು. ಈ ಕೊರತೆಯನ್ನು ಕನ್ನಡದಲ್ಲಿ ತುಂಬಿಕೊಟ್ಟವರು ಕುವೆಂಪು. ಅವರು ರೂಪಿಸಿದ ವಿವಾಹ ಸಂಹಿತೆಯೇ 'ಮಂತ್ರ ಮಾಂಗಲ್ಯ'. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಮೂಡಿಗೆರೆ ಬಳಿಯ ತೋಟದಲ್ಲಿ ಈ ರೀತಿ ನಡೆಯಿತು.

ವರದಕ್ಷಿಣೆ ಇಲ್ಲ, ಮುಹೂರ್ತವಿಲ್ಲ, ಆಡಂಬರವಿಲ್ಲ, ಕೆಲವೇ ಆಪ್ತರು. ಯಾರಾದರೂ ಹಿರಿಯರು ಸಂಹಿತೆಯನ್ನು ಓದುತ್ತಾರೆ. ವಧೂವರರು ಅದರ ಅರ್ಥ ತಿಳಿದು ಪ್ರತಿಜ್ಞೆ ಮಾಡುತ್ತಾರೆ. ಗಂಡು ಹೆಣ್ಣು ಸಮಾನರು, ಒಬ್ಬರು ಇನ್ನೊಬ್ಬರ ಅಡಿಯಾಳಲ್ಲ, ಜಾತಿ ಮತಗಳ ಸಂಕುಚಿತ ಬಂಧನದಿಂದ ಇಬ್ಬರೂ ಬಿಡುಗಡೆ ಹೊಂದಿದವರು ಎಂಬುದು ಅದರ ತಿರುಳು. ತಾಳಿ ಕಟ್ಟುವವರೂ ಉಂಟು, ಹಾರ ಬದಲಾಯಿಸುವಲ್ಲಿಗೇ ಮುಗಿಸುವವರೂ ಉಂಟು.

ಇದು ಪಾಶ್ಚಾತ್ಯ ದೇಶಗಳಲ್ಲಿ ಹೇಳುವ ಮಾನವತಾವಾದಿ ಮದುವೆಯೇ ಎಂದರೆ ಪೂರ್ತಿ ಅಲ್ಲ. ಅಲ್ಲಿನ ಮಾನವತಾವಾದಿಗಳು ದೇವರ ಪ್ರಸ್ತಾಪವನ್ನೇ ಬಿಡುತ್ತಾರೆ. ಕುವೆಂಪು ಉಪನಿಷತ್ತಿನ ಮಂತ್ರಗಳನ್ನು ಬಿಡಲಿಲ್ಲ. ಅವುಗಳನ್ನು ಪುರೋಹಿತರ ಕೈಯಿಂದ ಬಿಡಿಸಿ ಎಲ್ಲರಿಗೂ ಅರ್ಥವಾಗುವಂತೆ ಮಾಡಿದರು. ಆದರೂ ಮನುಷ್ಯ ಮನುಷ್ಯನ ಮುಂದೆ ಅರಿವಿನಿಂದ ಕೊಡುವ ಮಾತೇ ಮದುವೆ ಎಂಬ ನಂಬಿಕೆ ಎರಡಕ್ಕೂ ಸಮಾನ. ಮುಂದೆ 1980ರ ದಶಕದಿಂದ ರೈತ ಸಂಘದ ಚಳವಳಿಯೂ ಸರಳ ಮದುವೆಯ ವಿಚಾರವನ್ನು ಹಳ್ಳಿಗಳಿಗೆ ಒಯ್ದಿತು. ಮದುವೆಯ ಸಾಲಕ್ಕೆ ಹೊಲ ಕಳೆದುಕೊಂಡವರನ್ನು ಕಂಡಿದ್ದ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ನಾನು ಹೇಳದೆ ಬಿಟ್ಟ ಅರ್ಧ

ಈಗ ಸಾತನೂರಿನ ಪ್ರಶ್ನೆಗೆ ಬರೋಣ. ಇಂಥ ಮದುವೆ ಕಾನೂನಿನಲ್ಲಿ ನಿಲ್ಲುತ್ತದೆಯೇ?

1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಪ್ರಕರಣ, ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕು ಎನ್ನುತ್ತದೆ. ಪುರೋಹಿತರು ಇರಲೇಬೇಕೆಂದು ಅದು ಹೇಳುವುದಿಲ್ಲ. ಸಪ್ತಪದಿಯೂ ಯಾರ ರೂಢಿಯಲ್ಲಿದೆಯೋ ಅವರಿಗೆ ಮಾತ್ರ. ಕುಲದ ಹಿರಿಯರೇ ಧಾರೆ ಎರೆಸುವ ರೂಢಿಯಿದ್ದರೆ ಅದೂ ಸಿಂಧು. ಆದರೆ ರೂಢಿ ಎಂದರೆ ಬಹುಕಾಲದಿಂದ, ಬಿಡದೆ, ಒಂದೇ ಬಗೆಯಾಗಿ ನಡೆದು ಬಂದದ್ದು. ನಾವು ನೀವು ಕೂತು ಹೊಸದಾಗಿ ಬರೆದುಕೊಂಡ ಪ್ರತಿಜ್ಞೆ, ಎಷ್ಟೇ ಸುಂದರವಾಗಿರಲಿ, ಈ ಅರ್ಥದಲ್ಲಿ ರೂಢಿಯಲ್ಲ.

ನೆರೆಯ ತಮಿಳುನಾಡು ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. ಪೆರಿಯಾರ್ ರಾಮಸ್ವಾಮಿಯವರ ಪ್ರೇರಣೆಯಿಂದ 1920ರ ದಶಕದ ಕೊನೆಯಿಂದ ಅಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನಿ ಮದುವೆಗಳು ನಡೆದವು. 1953ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅಂಥ ಒಂದು ಮದುವೆ ಸಿಂಧುವಲ್ಲವೆಂದಿತು. ಹಾಗೆ ಮದುವೆಯಾಗಿ ಸಂಸಾರ ನಡೆಸುತ್ತಿದ್ದವರಿಗೆಲ್ಲ ತಮ್ಮ ಮದುವೆಯ ಬಗ್ಗೆ, ಮಕ್ಕಳ ಆಸ್ತಿಹಕ್ಕಿನ ಬಗ್ಗೆ ಚಿಂತೆ ಹುಟ್ಟಿತು. ಅಣ್ಣಾದೊರೈ ಮುಖ್ಯಮಂತ್ರಿಯಾದ ಮೇಲೆ 1967ರಲ್ಲಿ ಹಿಂದೂ ವಿವಾಹ ಕಾಯಿದೆಗೆ 7ಎ ಪ್ರಕರಣ ಸೇರಿಸಿ, ಹಿಂದೆ ನಡೆದ ಸ್ವಾಭಿಮಾನಿ ಮದುವೆಗಳನ್ನೂ ಸಿಂಧುಗೊಳಿಸಲಾಯಿತು. ಅಲ್ಲಿ ಬಂಧುಮಿತ್ರರ ಮುಂದೆ ಒಬ್ಬರನ್ನೊಬ್ಬರು ಒಪ್ಪಿಕೊಂಡೆವೆಂದು ಹೇಳಿ ಹಾರ ಹಾಕಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಸಾಕು. ಆದರೆ ಆ ತಿದ್ದುಪಡಿ ತಮಿಳುನಾಡಿಗೆ ಸೇರಿದ್ದು, ಸಾತನೂರಿಗೆ ಅನ್ವಯಿಸುವುದಿಲ್ಲ.

ವಿಧಿ ಸರಿಯಾಗಿ ಆಗದಿದ್ದರೆ ನಷ್ಟ ಯಾರಿಗೆ? 1965ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮಹಾರಾಷ್ಟ್ರದ ಮೊಕದ್ದಮೆಯನ್ನು ನೋಡಿ. ಮೊದಲ ಹೆಂಡತಿ ಇರುವಾಗಲೇ ಒಬ್ಬಾತ ಗಾಂಧರ್ವ ರೀತಿಯಲ್ಲಿ ಇನ್ನೊಂದು ಮದುವೆಯಾಗಿದ್ದ. ಅಗತ್ಯ ವಿಧಿಗಳು ನಡೆದಿರಲಿಲ್ಲವಾದ್ದರಿಂದ ಅದು ಮದುವೆಯೇ ಅಲ್ಲ, ಆದ್ದರಿಂದ ದ್ವಿಪತ್ನಿತ್ವದ ಅಪರಾಧವೂ ಆಗಲಿಲ್ಲ ಎಂದು ತೀರ್ಪಾಯಿತು. ಗಂಡಸು ಪಾರಾದ. ಎರಡನೆಯ ಹೆಣ್ಣಿನ ಕೈಗೆ ಹೆಂಡತಿಯೆಂಬ ಸ್ಥಾನವೂ ಬರಲಿಲ್ಲ.

ಮದುವೆಯನ್ನು ನೋಂದಾಯಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಎಲ್ಲ ಮದುವೆಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ರಾಜ್ಯಗಳಿಗೆ ಆದೇಶಿಸಿದ್ದು ನಿಜ. ಆದರೆ ಹಿಂದೂ ವಿವಾಹ ಕಾಯಿದೆಯಡಿ ನೋಂದಣಿಯೆಂಬುದು ಆದ ಮದುವೆಗೆ ಪುರಾವೆ. ಆಗದ ಮದುವೆಯನ್ನು ಅದು ಮಾಡಿಸುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇದನ್ನೇ ಸ್ಪಷ್ಟವಾಗಿ ಹೇಳಿತು: ವಿಧಿಗಳೇ ನಡೆಯದಿದ್ದಲ್ಲಿ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಹಿಂದೂ ಮದುವೆ ಆಗಿಬಿಡದು.

ನನ್ನ ಪರಿಚಯದ ಉಪನ್ಯಾಸಕರೊಬ್ಬರು ಗೆಳೆಯರ ಮುಂದೆ ಪ್ರತಿಜ್ಞೆ ಓದಿ ಮದುವೆಯಾದವರು. "ನಮ್ಮ ಪ್ರೀತಿಗೆ ಸರ್ಕಾರದ ಮೊಹರು ಯಾಕೆ?" ಎಂದು ನಗುತ್ತಿದ್ದರು. ಅವರು ಅಕಾಲದಲ್ಲಿ ತೀರಿಕೊಂಡರು. ಅವರ ಹೆಂಡತಿ ಕುಟುಂಬ ಪಿಂಚಣಿಗಾಗಿ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದರು. ಮದುವೆಗೆ ಬಂದಿದ್ದ ಹಳೆಯ ಗೆಳೆಯರನ್ನು ಹುಡುಕಿ, ಪ್ರಮಾಣಪತ್ರ ಬರೆಸಿ, ಒಂದು ಮಾಸಿದ ಫೋಟೋ ಹಿಡಿದು ನಿಂತರು. ಬಹುಕಾಲ ಗಂಡಹೆಂಡಿರಾಗಿ ಬಾಳಿದವರನ್ನು ನ್ಯಾಯಾಲಯಗಳು ದಂಪತಿಗಳೆಂದೇ ಭಾವಿಸುವುದುಂಟು. ಆದರೆ ಅದು ಊಹೆ ಮಾತ್ರ. ಎದುರಾಳಿ ಅದನ್ನು ಅಲ್ಲಗಳೆಯಬಹುದು. ಪ್ರತಿಜ್ಞೆ ಓದಿದವರು ಇಬ್ಬರು. ಅದನ್ನು ರುಜುವಾತುಪಡಿಸುವ ಹೊರೆ ಬಿದ್ದದ್ದು ಒಬ್ಬರ ಮೇಲೆ.

ಕಾಯಿದೆಯಲ್ಲೇ ಇರುವ ಬಾಗಿಲು

ಹಾಗಾದರೆ ದಾರಿ? 1954ರ ವಿಶೇಷ ವಿವಾಹ ಕಾಯಿದೆಯ 12ನೆಯ ಪ್ರಕರಣವನ್ನು ಓದಿದಾಗ ನನಗೆ ಸಂತೋಷವಾಯಿತು. ವಧೂವರರು ತಮಗೆ ಇಷ್ಟವಾದ ಯಾವುದೇ ರೂಪದಲ್ಲಿ ಮದುವೆಯಾಗಬಹುದು ಎಂದು ಅದು ಹೇಳುತ್ತದೆ. ಷರತ್ತು ಒಂದೇ: ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ, ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ, ನಿನ್ನನ್ನು ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂಬ ಮಾತನ್ನು ಒಬ್ಬರಿಗೊಬ್ಬರು ಹೇಳಬೇಕು. ಅದನ್ನು ಕನ್ನಡದಲ್ಲೇ ಹೇಳಬಹುದು. ಹೆಚ್ಚಿನ ಶುಲ್ಕ ಕಟ್ಟಿದರೆ ಕಚೇರಿಯಲ್ಲಲ್ಲದೆ, ಅಲ್ಲಿಂದ ತೀರಾ ದೂರವಲ್ಲದ ಬೇರೆ ಜಾಗದಲ್ಲೂ ಮದುವೆ ನಡೆಸಲು ಅವಕಾಶವಿದೆ. ಅಂದರೆ ಮಂತ್ರ ಮಾಂಗಲ್ಯವನ್ನೋ, ದೇವರ ಹೆಸರಿಲ್ಲದ ಪ್ರತಿಜ್ಞೆಯನ್ನೋ ಓದಿ ಅಲ್ಲೇ ಕಾನೂನಿನ ಮಾತನ್ನೂ ಸೇರಿಸಿದರೆ ಎರಡೂ ಒಂದೇ ಚಪ್ಪರದಡಿ ಆಗುತ್ತದೆ. ನಮ್ಮ ದೇಶದ ಮಾನವತಾವಾದಿ ಮದುವೆಯ ಕಾನೂನು ಎಂದರೆ ಇದೇ.

ಇದಕ್ಕೆ ಬೇಕಾದದ್ದು ಇಷ್ಟು. ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು. ಇಬ್ಬರಿಗೂ ಬದುಕಿರುವ ಬೇರೆ ಸಂಗಾತಿ ಇರಬಾರದು. ಒಪ್ಪಿಗೆ ಕೊಡುವ ಮನಃಸ್ಥಿತಿ ಇರಬೇಕು. ನಿಷೇಧಿತ ರಕ್ತಸಂಬಂಧ ಇರಬಾರದು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿದ್ದು, ವಿವಾಹಾಧಿಕಾರಿಗೆ ಲಿಖಿತ ನೋಟೀಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸುತ್ತಾರೆ. 30 ದಿನದೊಳಗೆ ಸರಿಯಾದ ಆಕ್ಷೇಪಣೆ ಬರದಿದ್ದರೆ ಮದುವೆ ನಡೆಯಬಹುದು. ನೋಟೀಸು ಕೊಟ್ಟ ಮೂರು ತಿಂಗಳೊಳಗೆ ಆಗದಿದ್ದರೆ ಮತ್ತೆ ನೋಟೀಸು ಕೊಡಬೇಕು.

ರಕ್ತಸಂಬಂಧದ ಮಾತಿಗೆ ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕಡೆ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಸಾಮಾನ್ಯ. ವಿಶೇಷ ವಿವಾಹ ಕಾಯಿದೆಯ ಪಟ್ಟಿಯಲ್ಲಿ ಇವು ನಿಷಿದ್ಧ ಸಂಬಂಧಗಳು. ರೂಢಿಗೆ ವಿನಾಯಿತಿ ಕೊಡಲು 1963ರಲ್ಲಿ ತಿದ್ದುಪಡಿಯಾಯಿತು. ಆದರೆ ಆ ರೂಢಿಯನ್ನು ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಸೂಚಿಸಿರಬೇಕು. ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟುವ ಮಕ್ಕಳಿಗೆ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ನೆನಪಿಸಬೇಕಾಗಿಲ್ಲ.

ಈಗಾಗಲೇ ಬೇರೆ ರೀತಿಯಲ್ಲಿ ಮದುವೆಯಾದವರಿಗೂ ದಾರಿಯುಂಟು. 15ನೆಯ ಪ್ರಕರಣದಡಿ ಅವರು ಅದೇ ಮದುವೆಯನ್ನು ಈ ಕಾಯಿದೆಯಲ್ಲಿ ನೋಂದಾಯಿಸಿಕೊಳ್ಳಬಹುದು. ಆಗ ಇಬ್ಬರಿಗೂ 21 ತುಂಬಿರಬೇಕು. ಇಬ್ಬರೂ ಅಂದಿನಿಂದ ದಂಪತಿಗಳಾಗಿ ಬಾಳುತ್ತಿರಬೇಕು. ಇಲ್ಲಿಯೂ 30 ದಿನಗಳ ಪ್ರಕಟಣೆ ಉಂಟು. ಆಸ್ತಿ ಹಂಚಿಕೆಯ ಬಗ್ಗೆ ಇದ್ದ ಹಳೆಯ ಹೆದರಿಕೆಯೂ ಈಗ ಬೇಕಿಲ್ಲ. ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಅವಿಭಕ್ತ ಕುಟುಂಬದಿಂದ ಹೊರಬೀಳುವ ನಿಯಮ ಅನ್ವಯಿಸದಂತೆ 1976ರಲ್ಲಿ ಕಾಯಿದೆ ತಿದ್ದಲಾಗಿದೆ.

ಮೂವತ್ತು ದಿನಗಳ ಭಯ

ಕಷ್ಟವಿರುವುದು ಆ ನೋಟೀಸಿನಲ್ಲಿ. ಮನೆಯವರಿಗೆ ತಿಳಿಯದಂತೆ ಮದುವೆಯಾಗಬೇಕಾದ ಸ್ಥಿತಿಯಲ್ಲಿರುವ, ಬೇರೆ ಜಾತಿಯ ಹುಡುಗ ಹುಡುಗಿಗೆ ಗೋಡೆಯ ಮೇಲಿನ ಆ ಕಾಗದ ಮೂವತ್ತು ದಿನಗಳ ಭಯ. ಕಾನೂನು ಮಾತ್ರ ಸ್ಪಷ್ಟವಾಗಿದೆ: ವಯಸ್ಸು, ಇನ್ನೊಂದು ಮದುವೆ, ಮನಃಸ್ಥಿತಿ, ರಕ್ತಸಂಬಂಧ ಇವಿಷ್ಟೇ ಆಕ್ಷೇಪಣೆಗೆ ಕಾರಣ. "ನಮಗೆ ಒಪ್ಪಿಗೆ ಇಲ್ಲ", "ಅವನು ನಮ್ಮ ಜಾತಿಯವನಲ್ಲ" ಎಂಬುದು ಕಾನೂನಿನ ಕಣ್ಣಿಗೆ ಆಕ್ಷೇಪಣೆಯೇ ಅಲ್ಲ. ಸಕಾರಣವಿಲ್ಲದೆ, ದುರುದ್ದೇಶದಿಂದ ತಡೆಯೊಡ್ಡಿದವರಿಗೆ ಒಂದು ಸಾವಿರ ರೂಪಾಯಿಯವರೆಗೆ ಪರಿಹಾರ ತೆರಲು ಹೇಳಬಹುದು. ವಿವಾಹಾಧಿಕಾರಿ ನಿರಾಕರಿಸಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬಹುದು. ಪ್ರಾಪ್ತ ವಯಸ್ಕರಿಬ್ಬರು ಮದುವೆಯಾಗಲು ಮನೆತನದ ಅಥವಾ ಪಂಚಾಯಿತಿಯ ಅನುಮತಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿ, ಅಂಥವರಿಗೆ ರಕ್ಷಣೆ ಕೊಡುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿತು. ಅಲಹಾಬಾದ್ ಉಚ್ಚ ನ್ಯಾಯಾಲಯ 2021ರಲ್ಲಿ ಇನ್ನೂ ಮುಂದೆ ಹೋಗಿ, ನೋಟೀಸು ಪ್ರಕಟಿಸಬೇಕೋ ಬೇಡವೋ ಎಂಬುದನ್ನು ವಧೂವರರ ಇಚ್ಛೆಗೆ ಬಿಟ್ಟಿತು.

ಹೊರಗಿನ ದೇಶಗಳಲ್ಲೂ ಎಲ್ಲ ಸುಗಮವಾಗಿಲ್ಲ. ಸ್ಕಾಟ್ಲೆಂಡಿನಲ್ಲಿ 2005ರಿಂದ ಮಾನವತಾವಾದಿ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿತು. ಐರ್ಲೆಂಡ್ 2012ರಲ್ಲಿ ಕಾಯಿದೆ ಮಾಡಿತು. ಪಕ್ಕದ ಇಂಗ್ಲೆಂಡಿನಲ್ಲಿ ಮಾನ್ಯತೆ ಇಲ್ಲದಿರುವುದು ತಾರತಮ್ಯವೆಂದು ಅಲ್ಲಿನ ಹೈಕೋರ್ಟು ಗುರುತಿಸಿದ್ದು 2020ರಲ್ಲಿ. ಮದುವೆ ನಡೆಸಿಕೊಡುವ ಮಾನವತಾವಾದಿಗೇ ಅಧಿಕಾರ ಕೊಡಬೇಕೆಂಬುದು ಅವರ ಹೋರಾಟ. ನಮ್ಮಲ್ಲಿ ಅಧಿಕಾರ ವಿವಾಹಾಧಿಕಾರಿಯ ಕೈಯಲ್ಲಿದೆ. ಮಾತಿನ ಸ್ವಾತಂತ್ರ್ಯ ಮಾತ್ರ ವಧೂವರರಿಗಿದೆ.

ಸಾತನೂರಿನ ಆ ವಿದ್ಯಾರ್ಥಿನಿಗೆ ಇಂದು ನಾನು ಕೊಡುವ ಉತ್ತರ ಇದು. ಐನೋರು ಇಲ್ಲದಿದ್ದರೂ ನಡೆಯುತ್ತದಮ್ಮ. ಮುಹೂರ್ತವೂ ಬೇಡ. ನಿನಗೆ ಅರ್ಥವಾಗುವ ಮಾತಿನಲ್ಲೇ ಪ್ರತಿಜ್ಞೆ ಮಾಡು. ಆದರೆ ಆ ನಾಕು ಜನರಲ್ಲಿ ಮೂವರು ಸಾಕ್ಷಿ ಹಾಕಲಿ, ನಾಲ್ಕನೆಯವರು ವಿವಾಹಾಧಿಕಾರಿಯಾಗಿರಲಿ. ಪ್ರಮಾಣಪತ್ರದ ಒಂದು ಪ್ರತಿ ನಿನ್ನ ಹತ್ತಿರವೇ ಇರಲಿ. ನಿಮ್ಮಪ್ಪನಿಗೆ ಕೇಳಿಸುವ ಹಾಗೆ ಈ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ಧೈರ್ಯ ನಿನಗೆ ಬರಲಿ; ಈ ಪುಟವನ್ನು ಅವರೂ ಓದಲಿ.

ಚರ್ಚೆಗೆ

1. ನಿಮ್ಮ ಮನೆಯ ಹಿರಿಯರ ಮದುವೆಗೆ ಯಾವ ದಾಖಲೆ ಇದೆ? ಕೇಳಿ ತಿಳಿಯಿರಿ.

2. ಮೂವತ್ತು ದಿನಗಳ ನೋಟೀಸು ಯಾರನ್ನು ಕಾಪಾಡುತ್ತದೆ, ಯಾರನ್ನು ಅಪಾಯಕ್ಕೆ ಒಡ್ಡುತ್ತದೆ?

3. ತಮಿಳುನಾಡಿನ 7ಎ ಪ್ರಕರಣದಂಥ ತಿದ್ದುಪಡಿ ಕರ್ನಾಟಕಕ್ಕೂ ಬೇಕೇ? ಇರುವ ಕಾಯಿದೆಯೇ ಸಾಕೇ?